ನಲವತ್ತರೊಳಗೆ ಕರೆಂಟು ತೆಗೆಯಲು ಬಂದವರು

ಬಾಣಂತಿಗೆ ಗಾಳಿ ತಾಗಬಾರದು. ಇದನ್ನು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ. ನಾನೇ ನಾಲ್ಕು ಹೆತ್ತಿದ್ದೇನೆ, ಊರಿನಲ್ಲಿ ಇನ್ನೆಷ್ಟೋ ಹೆಂಗಸರ ಬಾಣಂತನ ಮಾಡಿದ್ದೇನೆ. ನಲವತ್ತು ದಿನ ಕಿವಿಗೆ ಬಟ್ಟೆ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೆ ಸೀರೆ, ಬಿಸಿನೀರು, ಮೆಂತೆ ಗಂಜಿ, ಬಾಗಿಲು ಹಾಕಿದ ಕೋಣೆ. ನಲವತ್ತು ಮುಗಿಯುವ ತನಕ ತಾಯಿಯೂ ಮಗುವೂ ಹೊಸಿಲು ದಾಟುವಂತಿಲ್ಲ. ಸೊಸೆಯ ತಾಯಿ ಕಾಯಿಲೆಯ ಹೆಂಗಸಾದ್ದರಿಂದ ಈ ಬಾಣಂತನ ನನ್ನ ಪಾಲಿಗೆ ಬಂತು. ವಿಸಿಟ್ ವೀಸಾದಲ್ಲಿ ಕುವೈತಿಗೆ ಬಂದಿಳಿದವಳು ಮೊದಲು ಮಾಡಿದ ಕೆಲಸ ಅವಳ ಕೋಣೆಯ ಎ.ಸಿ. ಆರಿಸಿದ್ದು.

ಅವಳು ಹಾಕಿದಳು. ನಾನು ಆರಿಸಿದೆ. ಅವಳು ರಿಮೋಟನ್ನು ದಿಂಬಿನ ಅಡಿ ಇಟ್ಟುಕೊಂಡಳು.

"ಮಾಮಿ, ಹೊರಗೆ ಐವತ್ತು ಡಿಗ್ರಿ ಉಂಟು. ಮಗು ಬೇಯ್ತದೆ."

"ನಿನ್ನ ಗಂಡ ಹುಟ್ಟಿದ್ದು ಏಪ್ರಿಲ್ ತಿಂಗಳಲ್ಲಿ, ತಗಡಿನ ಮಾಡಿನ ಅಡಿ. ಫ್ಯಾನ್ ಸಹ ಇರಲಿಲ್ಲ. ಬೆಂದಿದ್ದಾನಾ?"

"ಸ್ವಲ್ಪ ಬೆಂದಿದ್ದಾರೆ ಮಾಮಿ," ಎಂದಳು. ಮುಖದಲ್ಲಿ ನಗು ಇರಲಿಲ್ಲ.

ಅವಳು ಓದಿದವಳು, ಒಂದು ಕ್ಲಿನಿಕ್ಕಿನಲ್ಲಿ ಲೆಕ್ಕ ಬರೆಯುವ ಕೆಲಸ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮದ್ರಸದಲ್ಲಿ ಓದಿದ್ದೇ ಹೆಚ್ಚು. ನಮ್ಮ ಮನೆಮಾತು ಬ್ಯಾರಿ. ಜಗಳವೂ ಅದರಲ್ಲೇ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹಾಲ್‌ನ ಎ.ಸಿ. ಓಡಲಿ, ಕೋಣೆಯ ಬಾಗಿಲು ಅರ್ಧ ತೆರೆದಿರಲಿ, ಕೋಣೆಯ ಎ.ಸಿ. ಬೇಡ. ಆದರೆ ನಾನು ಅಡುಗೆಮನೆಗೆ ಹೋದಾಗಲೆಲ್ಲ ಕೋಣೆಯಿಂದ ಟಿಂವ್ ಎಂದು ಸದ್ದಾಗುತ್ತಿತ್ತು.

ಮಗನ ಮನೆ ಇರುವುದು ಮೈದಾನ್ ಹವಲ್ಲಿಯಲ್ಲಿ, ಮೂರನೇ ಮಾಳಿಗೆ. ಬೇಸಿಗೆಯಲ್ಲಿ ಆ ಊರೇ ತಲೆಕೆಳಗು. ನಲ್ಲಿ ತಿರುಗಿಸಿದರೆ ಕುದಿನೀರು ಬರುತ್ತದೆ, ಟೆರೇಸಿನ ಟ್ಯಾಂಕು ಬಿಸಿಲಿಗೆ ಕಾದಿರುತ್ತದೆ. ತಣ್ಣೀರು ಬೇಕಾದರೆ ಗೀಸರ್ ಆರಿಸಿಟ್ಟು, ಅದರೊಳಗೆ ನಿಂತು ಆರಿದ ನೀರನ್ನು ಬಳಸುತ್ತಾರೆ. ನನಗೆ ಅದರಿಂದ ಅನುಕೂಲವೇ ಆಯಿತು. ಬಾಣಂತಿಯ ಸ್ನಾನಕ್ಕೆ ಒಲೆ ಹಚ್ಚುವ ಕೆಲಸ ಉಳಿಯಿತು.

ಆ ಮನೆ ಮೊದಲು ನನ್ನ ಮೈದುನನದು, ಅಂದರೆ ನನ್ನ ಗಂಡನ ತಮ್ಮನದು. ಬಹಳ ವರ್ಷ ಅಂಗಡಿ ಇಟ್ಟುಕೊಂಡು ಅಲ್ಲಿದ್ದ. ಕಾಯಂ ಆಗಿ ಊರಿಗೆ ಹೊರಟಾಗ ಮನೆಯನ್ನು ನನ್ನ ಮಗನ ಕೈಗೆ ಕೊಟ್ಟ. ಮಂಚ, ಫ್ರಿಜ್, ಬಟ್ಟೆ ಒಗೆಯುವ ಮಿಶಿನ್, ಎರಡು ಎ.ಸಿ., ಬಿರಿಯಾನಿ ಮಾಡುವ ದೊಡ್ಡ ಪಾತ್ರೆ, ಎಲ್ಲವನ್ನೂ ಬಿಟ್ಟುಹೋದ. ಒಂದು ಚಮಚ ಸಹ ಎತ್ತಿಕೊಳ್ಳಲಿಲ್ಲ. ಬಾಡಿಗೆ ಚೀಟಿ ಮಗನ ಹೆಸರಿಗೆ ಬಂತು. ಕರೆಂಟಿನ ಮೀಟರು ಮಾತ್ರ ಮೈದುನನ ಹೆಸರಿನಲ್ಲೇ ಉಳಿಯಿತು, ಹಳೆ ಬಾಕಿ ತೀರಿಸದೆ ಹೆಸರು ಬದಲಿಸುವುದಿಲ್ಲವಂತೆ. ನಮ್ಮವರಿಗೆ ಅಲ್ಲಿ ಒಂದು ಹಳೆಯ ಅಭ್ಯಾಸವಿತ್ತು. ಕರೆಂಟಿನ ಬಿಲ್ಲನ್ನು ಯಾರೂ ಬಂದು ಕೇಳುತ್ತಿರಲಿಲ್ಲ, ಕಾಯಂ ಊರಿಗೆ ಹೊರಡುವಾಗ ಕಟ್ಟಿದರಾಯಿತು ಎಂದು ಎಲ್ಲರೂ ಬಿಟ್ಟುಬಿಡುತ್ತಿದ್ದರು. ಈಗ ಬಾಕಿ ಇದ್ದರೆ ವಿಮಾನ ಹತ್ತಲು ಬಿಡುವುದಿಲ್ಲ. ಮೈದುನ ಹೊರಟಾಗ ಆ ಕಾನೂನು ಇರಲಿಲ್ಲ. ಅವನು ಆರಾಮಾಗಿ ಹತ್ತಿದ. ಮಗ ತಾನು ಬಳಸಿದ ಕರೆಂಟಿಗೆ ಕಟ್ಟುತ್ತಲೇ ಬಂದ, ಆ ಹಳೆ ಬಾಕಿ ಮಾತ್ರ ಹಾಗೇ ನಿಂತಿತ್ತು.

ಅವತ್ತು ಬೆಳಿಗ್ಗೆ ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸಿ, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿದ್ದೆ. ಬೆಲ್ಲಾಯಿತು. ತಲೆಗೆ ಶಾಲು ಎಳೆದುಕೊಂಡು ಬಾಗಿಲು ತೆರೆದೆ. ಬಿಳಿ ಉದ್ದಂಗಿಯ ಒಬ್ಬ ಅರಬ್ಬಿ ಯುವಕ, ಕುತ್ತಿಗೆಯಲ್ಲಿ ಕಾರ್ಡು, ಕೈಯಲ್ಲಿ ಕಾಗದ. ಅವನ ಹಿಂದೆ ನೀಲಿ ಬಟ್ಟೆಯ ನಮ್ಮ ದೇಶದವನೇ ಒಬ್ಬ, ಹೆಗಲಲ್ಲಿ ಸಾಮಾನಿನ ಚೀಲ. ಮಗುವನ್ನು ನೋಡಲು ಬಂದವರಿರಬೇಕು ಎಂದು "ಬನ್ನಿ, ಕೂತ್ಕೊಳ್ಳಿ" ಎಂದುಬಿಟ್ಟೆ. ದಿನಾ ಯಾರಾದರೂ ಬರುತ್ತಿದ್ದರಲ್ಲ.

ನೀಲಿ ಬಟ್ಟೆಯವನು ಹಿಂದಿಯಲ್ಲಿ ಹೇಳಿದ: "ಖಾಲಾ, ನಾವು ಕೂತ್ಕೊಳ್ಳುವವರಲ್ಲ. ಲೈಟ್ ಬಿಲ್ ಕಟ್ಟಿಲ್ಲ. ಕನೆಕ್ಷನ್ ಕಾಟನೇ ಕಾ ಆರ್ಡರ್ ಹೈ."

ಗಂಡ ಮುಂಬಯಿಯ ಹೋಟೆಲಿನಲ್ಲಿದ್ದಾಗ ನಾನೂ ಅಲ್ಲಿ ಸ್ವಲ್ಪ ಕಾಲ ಇದ್ದವಳು, ಹಿಂದಿ ಅರ್ಥವಾಗುತ್ತದೆ. ಖಾಲಾ ಎಂದರೆ ಚಿಕ್ಕಮ್ಮ, ಕಾಟನೇ ಎಂದರೆ ಕತ್ತರಿಸುವುದು.

ಅರಬ್ಬಿಯವನು ಕಾಗದ ನೋಡಿ ನನ್ನ ಮೈದುನನ ಹೆಸರು ಓದಿದ. ಈ ಮನುಷ್ಯ ಎಲ್ಲಿ ಎಂದು ಕೈ ತಿರುಗಿಸಿದ.

"ಊರಿಗೆ ಹೋದ. ಖಲಾಸ್," ಎಂದೆ. ಮುಗಿಯಿತು ಎನ್ನಲು ಅಲ್ಲಿ ಎಲ್ಲರೂ ಆಡುವ ಮಾತು ಅದು, ನನಗೂ ಬಂದಿತ್ತು.

ಅವನು ಏನೋ ಹೇಳಿದ. ನೀಲಿ ಬಟ್ಟೆಯವನು ನಗು ತಡೆದುಕೊಂಡು ಹಿಂದಿ ಮಾಡಿದ: "ಮನುಷ್ಯ ಖಲಾಸ್ ಆದ್ರೂ ಮೀಟರ್ ಖಲಾಸ್ ಆಗಿಲ್ಲ ಅಂತಾರೆ ಸಾಹೇಬ್ರು."

"ಎಲ್ಲಾದ್ರೂ ಸಾಯ್ಲಿ ನಿಮ್ಮ ಮೀಟರು. ಸಂಜೆ ಬನ್ನಿ, ಮಗ ಇರ್ತಾನೆ."

"ಸಂಜೆ ಡ್ಯೂಟಿ ಇಲ್ಲ ಖಾಲಾ." ಹೇಳಿ ಅವನು ಕೆಳಗಿನ ಮೀಟರ್ ಕೋಣೆಗೆ ಇಳಿದ. ಅರಬ್ಬಿ ಅಲ್ಲೇ ನಿಂತು ಕಾಗದದಲ್ಲಿ ಬರೆಯತೊಡಗಿದ.

ಆಮೇಲೆ ಮನೆ ಒಮ್ಮೆಲೇ ನಿಂತುಹೋಯಿತು. ಎ.ಸಿ., ಫ್ರಿಜ್, ಫ್ಯಾನ್ ಎಲ್ಲದರ ಸದ್ದು ಹೋಯಿತು. ಬಂದಂದಿನಿಂದ ನಾನು ಆ ಮನೆಯನ್ನು ಸದ್ದಿಲ್ಲದೆ ಕೇಳಿರಲಿಲ್ಲ. ಪಕ್ಕದ ಮನೆಯವರ ಕುಕ್ಕರಿನ ಸೀಟಿ ನಮ್ಮ ಮನೆಯಲ್ಲೇ ಹಾಕಿದಂತೆ ಕೇಳಿಸಿತು. ಕೋಣೆಗೆ ಹೋದೆ. ಸೊಸೆ ಎದ್ದು ಕೂತಿದ್ದಳು. ಕಿಟಕಿಯ ಗಾಜಿಗೆ ಕೈ ಇಟ್ಟು ನೋಡಿದೆ, ದೋಸೆ ಹೊಯ್ಯಬಹುದಿತ್ತು. ತೆರೆದರೆ ಹೊರಗಿನ ಬೆಂಕಿ ಒಳಗೆ, ಮುಚ್ಚಿದರೆ ಒಳಗೇ ಉಗಿ. ತಗಡಿನ ಮಾಡಿನ ಅಡಿ ನಮಗೆ ಕಡಲಿನ ಗಾಳಿಯಾದರೂ ಇತ್ತು. ಸ್ವಲ್ಪ ಹೊತ್ತಿನಲ್ಲೇ ಮಗುವಿನ ಕತ್ತಿನ ಮಡಿಕೆಯಲ್ಲಿ ನೀರು ನಿಂತಿತು, ಮುಖ ಕೆಂಪಾಗಿ ಅದು ಕಿರುಚಲು ಶುರುಮಾಡಿತು. ಡಯಾಪರ್ ಪೆಟ್ಟಿಗೆಯ ರಟ್ಟು ಹರಿದು ಬೀಸಿದೆ.

ಸೊಸೆ ಎ.ಸಿ.ಯ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಬಟ್ಟೆ ಕಟ್ಟಿದ ಕಿವಿಯ ಪಕ್ಕದಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಮಾಮಿ, ಬೇರೆ ಯಾರ ಮನೆಗಾದ್ರೂ ಹೋಗುವನಾ?" ಎಂದಳು.

"ನಲವತ್ತರೊಳಗೆ? ಹಸಿ ಬಾಣಂತಿಯನ್ನು ಈ ಬಿಸಿಲಿಗೆ ಇಳಿಸುವುದಾ? ನೀನು ಕೂತ್ಕೋ."

ಬಾಗಿಲಿಗೆ ವಾಪಸು ಬಂದೆ. ಅರಬ್ಬಿ ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದ. "ಬೇಬಿ?" ಎಂದ.

ಅರಬ್ಬಿಯಲ್ಲಿ ಮಾತಾಡಲು ನನಗೆ ಬರುವುದಿಲ್ಲ. ಮದ್ರಸದಲ್ಲಿ ಕಲಿತ ಎಣಿಕೆ ಮಾತ್ರ ಬರುತ್ತದೆ. "ಅರ್ಬಈನ್," ಎಂದೆ. ನಲವತ್ತು. ಕೋಣೆಯತ್ತ ಕೈ ತೋರಿಸಿ, "ಅರ್ಬಈನ್ ಖಲಾಸ್ ಇಲ್ಲ," ಎಂದೆ.

ಅವನಿಗೆ ಅಷ್ಟು ಸಾಕಾಯಿತು. ನೆಲ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅವರಲ್ಲಿಯೂ ಹೆತ್ತವಳು ನಲವತ್ತು ದಿನ ಕೂರುತ್ತಾಳೆ ಎಂದು ನನಗೆ ಆಗಲೇ ಹೊಳೆದದ್ದು. ಅಲ್ಲಾ, ನಮಗೆ ಈ ಪದ್ಧತಿ ಎಲ್ಲಿಂದ ಬಂತು ಎಂದುಕೊಂಡಿದ್ದೆನೋ! ಅವನು ಫೋನಿನಲ್ಲಿ ಕೆಳಗಿನವನಿಗೆ ಏನೋ ಗದರಿದ. ಫ್ರಿಜ್ ಒಮ್ಮೆ ಗುಡುಗಿ ಎದ್ದಿತು.

ನೀಲಿ ಬಟ್ಟೆಯವನು ಏದುಸಿರು ಬಿಡುತ್ತ ಮೇಲೆ ಬಂದು ತಿಳಿಸಿದ: "ಖಾಲಾ, ಪೂರಾ ಬೇಡ. ಒಂದು ಕಂತು ಮೊಬೈಲಲ್ಲಿ ಕಟ್ಟಿ ತೋರಿಸಿ, ಆರ್ಡರ್ ನಿಲ್ತದೆ. ನಮಗೆ ಮೇಲೆ ಇನ್ನೂ ಮನೆಗಳಿವೆ. ಇಳಿದು ಬರುವಾಗ ಕಟ್ಟಿರದಿದ್ರೆ ತೆಗೀಲೇಬೇಕು. ಆಗ ಸಾಹೇಬ್ರು ಮಗು ಅಂದ್ರೂ ಕೇಳೋಲ್ಲ, ಅವರ ಮೇಲೂ ಸಾಹೇಬ್ರಿದ್ದಾರೆ." ಆಮೇಲೆ ದನಿ ಇಳಿಸಿ, "ಲಿಫ್ಟ್ ಇದೆ. ಆದ್ರೂ ನಾವು ಮೆಟ್ಟಿಲಲ್ಲೇ ಹೋಗ್ತೇವೆ," ಎಂದ.

ಸೊಸೆ ಮಗನಿಗೆ ಫೋನ್ ಹಚ್ಚಿಕೊಟ್ಟಳು. ಅವನು ಅರ್ದಿಯಾದ ಗೋದಾಮಿನಲ್ಲಿದ್ದ, ಹಿಂದಿನಿಂದ ಲಾರಿಯ ಸದ್ದು.

"ಉಮ್ಮ, ಈ ತಿಂಗಳ ಸಂಬಳ ಇನ್ನೂ ಆಗ್ಲಿಲ್ಲ. ಇದ್ದದ್ದು ಹೆರಿಗೆಗೆ ಹೋಯ್ತು. ನಾನು ಯಾರ ಹತ್ತಿರವಾದ್ರೂ ಕೇಳಿ ನೋಡ್ತೇನೆ."

"ಯಾರ ಹತ್ತಿರ ಯಾಕೆ? ಬಾಕಿ ಮಾಡಿದವ ಊರಲ್ಲಿದ್ದಾನಲ್ಲ."

"ಚಿಕ್ಕಪ್ಪನಿಗೆ ಫೋನ್ ಮಾಡ್ಬೇಡಿ ಉಮ್ಮ! ಮರ್ಯಾದೆ ಹೋಗ್ತದೆ. ಅವರೇ ಒಂದು ದಿನ ಕಟ್ತಾರೆ ಅಂತ ನಾನು ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಈಗ ನೀವು ಕೇಳಿದ್ರೆ..."

"ಕೇಳಿದ್ರೆ ನನ್ನ ಮರ್ಯಾದೆ ಹೋಗ್ತದೆ. ನಿನ್ನದು ಹಾಗೇ ಇಟ್ಕೋ," ಎಂದು ಫೋನ್ ಇಟ್ಟೆ.

ಮೈದುನ ಎತ್ತಿದ. ಆರೋಗ್ಯ ಕೇಳಿದ, ಮಗು ಯಾರ ಹಾಗೆ ಉಂಟು ಎಂದು ಕೇಳಿದ. ನಾನು ನೇರ ಹೇಳಿದೆ: "ನಿನ್ನ ಬಿಲ್ಲಿಗೆ ಕರೆಂಟು ತೆಗೀಲಿಕ್ಕೆ ಬಂದಿದ್ದಾರೆ. ಬಾಣಂತಿ ಕೂತಿದ್ದಾಳೆ. ನಿನ್ನ ಬಾಕಿ ನೀನು ಕಟ್ಟು."

"ಅತ್ತಿಗೆ, ಅದನ್ನು ಅವನು ಕಟ್ಟಿಲ್ವಾ?" ಎಂದ.

"ಅವನು ಯಾಕೆ ಕಟ್ಟಬೇಕು?"

"ನಾನು ಇಡೀ ಮನೆಯ ಸಾಮಾನು ಬಿಟ್ಟು ಬಂದೆ ಅತ್ತಿಗೆ. ಫ್ರಿಜ್ಜಿಗೆ, ಎ.ಸಿ.ಗೆ ಕೊಳ್ಳುವವರು ಬಾಗಿಲಿಗೆ ಬಂದಿದ್ರು. ಕೊಡಲಿಲ್ಲ. ಅಣ್ಣನ ಮಗ, ಹೊಸ ಸಂಸಾರ, ಸಾಮಾನು ಅವನಿಗಿರಲಿ, ಬಿಲ್ಲು ಅವನು ನೋಡ್ಕೊಳ್ತಾನೆ ಅಂತ ಬಿಟ್ಟೆ."

"ಅವನಿಗೆ ಹೇಳಿದ್ದೀಯಾ?"

"ಅದನ್ನೆಲ್ಲ ಬಾಯಿ ಬಿಟ್ಟು ಹೇಳುವುದಾ? ಸ್ವಂತದವರ ಹತ್ತಿರ?"

ನಾನು ಕೂತಿದ್ದದ್ದು ಅವನ ಮಂಚದ ಮೇಲೆ. ತಿಂಗಳಿಂದ ನಾನು ಮಲಗುತ್ತಿದ್ದದ್ದೂ ಅದರಲ್ಲೇ. ಫೋನ್ ಹಚ್ಚುವಾಗ ಅವನಿಗೆ ಹೇಳಬೇಕೆಂದಿದ್ದ ಬೈಗುಳ ನಾಲಗೆ ತುದಿಯಲ್ಲಿತ್ತು, ಒಣಗಿಹೋಯಿತು. ಅವನು ಮೋಸ ಮಾಡಿರಲಿಲ್ಲ. ನನ್ನ ಮಗನೂ ಮಾಡಿರಲಿಲ್ಲ. ಇವನು ಕೇಳುವುದು ಹೇಗೆ ಎಂದು ಕೂತ, ಅವನು ಹೇಳುವುದು ಹೇಗೆ ಎಂದು ಹೋದ. ನಮ್ಮ ಜನ ಮದುವೆಗೆ ಎಷ್ಟು ಕೋಳಿ ಎಂದು ಬೀದಿಗೆ ಕೇಳುವ ಹಾಗೆ ಮಾತಾಡುತ್ತಾರೆ, ಸ್ವಂತದವರ ನಡುವೆ ದುಡ್ಡಿನ ಮಾತು ಬಂದರೆ ಬಾಯಿಗೆ ಬೀಗ.

"ಆಯ್ತು," ಎಂದೆ. "ನಿನ್ನ ಸಾಮಾನಿಗೂ ಬೆಲೆ ಉಂಟು. ಅರ್ಧ ನೀನು ಹಾಕು, ಅರ್ಧ ಅವನು ನಿಧಾನ ಹಾಕ್ತಾನೆ. ಆದರೆ ನಿನ್ನದು ಈಗ ಬೇಕು. ಅವರು ಮೆಟ್ಟಿಲಲ್ಲಿದ್ದಾರೆ."

"ಈಗ ಅಂದ್ರೆ ಹೇಗೆ ಅತ್ತಿಗೆ? ನಾನು ತೋಟದಲ್ಲಿದ್ದೇನೆ."

"ನಿನ್ನ ಅಳಿಯ ಇಲ್ಲೇ ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ಬ್ಯಾಂಕಿನವರ ಹಾಗೆ ಟೈ ಕಟ್ಟಿಕೊಂಡು ತಿರುಗ್ತಾನಲ್ಲ, ಅವನಿಗೆ ಹೇಳು."

"ಮಗಳ ಮನೆಯವರ ಹತ್ತಿರ ನಾನು ಹೇಗೆ..."

"ಪುನಃ ಅದೇ! ನೀನು ಕೇಳದಿದ್ರೆ ನಾನೇ ಕೇಳ್ತೇನೆ. ನಂಬರು ಸೊಸೆ ಹತ್ತಿರ ಉಂಟು. ಯಾಕೆ ಬೇಕು ಅಂತ ಸಹ ಹೇಳ್ತೇನೆ, ನನ್ನ ಬಾಯಿ ನಿನಗೆ ಗೊತ್ತುಂಟಲ್ಲ."

ಮಗು ಪುನಃ ಅತ್ತಿತು. ಫೋನನ್ನು ಮಗುವಿನ ಕಡೆ ಹಿಡಿದೆ, ಕೇಳಲಿ ಎಂದೇ.

"ಇಡಿ ಅತ್ತಿಗೆ, ಇಡಿ. ಹೇಳ್ತೇನೆ," ಎಂದ.

ಕಾದೆವು. ಮೇಲಿನ ಮಾಳಿಗೆಯಲ್ಲಿ ಯಾರೋ ಹೆಂಗಸು ಜೋರಾಗಿ ಮಾತಾಡುವುದು, ಬಾಗಿಲು ಹಾಕುವ ಸದ್ದು. ಸೊಸೆ ಬಿಲ್ಲಿನ ನಂಬರನ್ನು ಆ ಅಳಿಯನಿಗೆ ಕಳಿಸಿ ಫೋನನ್ನೇ ನೋಡುತ್ತಿದ್ದಳು. ಕೋಣೆಯ ಎ.ಸಿ. ಆರಿಯೇ ಇತ್ತು, ಅದನ್ನು ಹಾಕುವ ಯೋಚನೆ ಇಬ್ಬರಿಗೂ ಬರಲಿಲ್ಲ. ಆಮೇಲೆ ಮೆಟ್ಟಿಲಿನಲ್ಲಿ ಹೆಜ್ಜೆ ಇಳಿಯುವುದು ಕೇಳಿತು. ನಿಧಾನವಾಗಿಯೇ ಇಳಿಯುತ್ತಿದ್ದರು, ಆದರೂ ಮೆಟ್ಟಿಲು ಮುಗಿಯಲೇಬೇಕಲ್ಲ.

ಬಾಗಿಲು ತೆರೆದೆ. ಇಬ್ಬರೂ ಬೆವರಿ ಒದ್ದೆಯಾಗಿದ್ದರು. ದುಡ್ಡು ಬಂದಿರಲಿಲ್ಲ. ಹೇಳಲು ಏನೂ ಇಲ್ಲದ್ದರಿಂದ ಎರಡು ಲೋಟ ತಣ್ಣೀರು ತಂದುಕೊಟ್ಟೆ. ಅರಬ್ಬಿ ಲೋಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೇ ಕುಡಿದ. ಮುಗಿದ ಮೇಲೆ ಇನ್ನೊಂದು ಕೇಳಿದ. ಬಾಯಾರಿಕೆಯೋ, ಹೊತ್ತು ದೂಡಿದ್ದೋ, ನಾನು ಕೇಳಲಿಲ್ಲ. ನೀಲಿ ಬಟ್ಟೆಯವನು ಶೂವಿನ ಲಾಡಿ ಬಿಚ್ಚಿ ಪುನಃ ಕಟ್ಟಿದ.

ಎರಡನೇ ಲೋಟವೂ ಮುಗಿಯಿತು. ಅರಬ್ಬಿ ಎದ್ದ. "ಯುಮ್ಮಾ," ಎಂದ, ಅವರು ತಾಯಿಯನ್ನು ಕರೆಯುವ ಹಾಗೆ. ಮುಂದೆ ಏನು ಹೇಳಬೇಕೆಂದಿದ್ದನೋ, ಅಷ್ಟರಲ್ಲಿ ಕೋಣೆಯಿಂದ ಸೊಸೆ ಕೂಗಿದಳು.

"ಮಾಮಿ! ಕಟ್ಟಿದ್ದಾರೆ! ಬಂತು!"

ಅವಳು ಹೊರಗೆ ಬರುವ ಹಾಗಿಲ್ಲ. ಕೋಣೆಯ ಪರದೆಯ ಸಂದಿಯಿಂದ ಫೋನ್ ಹಿಡಿದ ಕೈಯೊಂದನ್ನೇ ಚಾಚಿದಳು. ಫೋನನ್ನು ಒಯ್ದು ಅರಬ್ಬಿಗೆ ಕೊಟ್ಟೆ. ಅವನು ನೋಡಿ, ತನ್ನ ಕಾಗದದಲ್ಲಿ ಏನೋ ಹೊಡೆದುಹಾಕಿ ಸಹಿ ಮಾಡಿದ. ಮಗುವಿಗೆ ಒಳ್ಳೆಯದಾಗಲೆಂದು ದುವಾ ಹೇಳಿದ. ನಾನು ಆಮೀನ್ ಎಂದೆ. ಉಳಿದ ಕಂತು ಕಟ್ಟದಿದ್ದರೆ ಇವನೇ ಪುನಃ ಬರುತ್ತಾನೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೆಲಸ ಅವನದು. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಂಜೆ ಬಂದ ಮಗ ನನ್ನೊಡನೆ ಮಾತಾಡದೆ ಊಟ ಮಾಡಿದ. ತಟ್ಟೆಗೆ ಮೀನು ಹಾಕುತ್ತ ಹೇಳಿದೆ: "ಚಿಕ್ಕಪ್ಪನಿಗೆ ನೀನೇ ಫೋನ್ ಮಾಡು. ಬಿಲ್ಲಿನದ್ದಲ್ಲ, ಫ್ರಿಜ್ಜಿನದ್ದು ಹೇಳು. ಚೆನ್ನಾಗಿ ಓಡ್ತಾ ಉಂಟು ಅಂತ ಹೇಳು." ಅವನು ಕೈ ತೊಳೆದು ಬಾಲ್ಕನಿಗೆ ಹೋಗಿ ಆ ಬಿಸಿಯಲ್ಲಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದ. ಒಮ್ಮೆ ನಕ್ಕದ್ದೂ ಕೇಳಿತು.

ಆದರೆ ಅದು ಸಂಜೆಯ ಮಾತು. ಅವರಿಬ್ಬರು ಇಳಿದುಹೋದ ಮೇಲೆ ನಾನು ಬಾಗಿಲು ಹಾಕಿ ಕೋಣೆಗೆ ಬಂದಾಗ ಸೊಸೆ ಮಗುವಿನ ಕತ್ತು ಒರೆಸುತ್ತಿದ್ದಳು. ದಿಂಬಿನ ಅಡಿಯಿಂದ ರಿಮೋಟ್ ತೆಗೆದು ನಾನೇ ಅವಳ ಕೈಗೆ ಕೊಟ್ಟೆ.

"ಹಾಕು," ಎಂದೆ.

ಅವಳು ನನ್ನನ್ನೇ ನೋಡಿದಳು.

"ಎಂತ ನೋಡ್ತೀ? ಹಾಕು. ಕಿವಿಯ ಬಟ್ಟೆ ಬಿಗಿ ಮಾಡ್ಕೋ ಮೊದಲು."