ಹೆಣಕ್ಕೆ ಆಯೇರಿ

ಅಳವಂಡಿಯ ಪಂಪಣ್ಣ ತನ್ನ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳನ್ನು ಇಪ್ಪತ್ತು ವರ್ಷ ಜೋಪಾನವಾಗಿ ಸಾಕಿಕೊಂಡಿದ್ದ. ತಾನೊಬ್ಬ ದೊಡ್ಡ ನಟ ಎಂಬುದು ಒಂದು. ಈ ಸಂಗತಿ ಊರಿಗೆಲ್ಲ ಗೊತ್ತಿದೆ ಎಂಬುದು ಇನ್ನೊಂದು. ಕೊಪ್ಪಳದ ಸರಕಾರಿ ಕಚೇರಿಯೊಂದರಲ್ಲಿ ಅವನು ಪಟ್ಟೇವಾಲಾ. ಹಗಲೆಲ್ಲ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಫೈಲು ಹೊತ್ತು, ಸಾಹೇಬರ ಕೋಣೆಯ ಬಾಗಿಲು ಕಾದು, ಸಂಜೆಯ ಬಸ್ಸಿಗೆ ಊರು ಸೇರಿದನೆಂದರೆ ಅವನೇ ನಾಟಕದ ಮಾಸ್ತರ. ರಾಜನ ಪಾರ್ಟು ಯಾವಾಗಲೂ ಅವನಿಗೇ. ಪಾರ್ಟು ಹಂಚುವವನೂ ಅವನೇ ಆದದ್ದರಿಂದ ಇದರ ಬಗ್ಗೆ ತಕರಾರು ಬಂದಿರಲಿಲ್ಲ.

ಇಷ್ಟಾದರೂ ಅವನಿಗೊಂದು ಕೊರಗಿತ್ತು. ಜನ ಒಂದು ಮಾತನ್ನೋ ಹಾಡನ್ನೋ ಮೆಚ್ಚಿ 'ವನ್ಸ್ ಮೋರ್' ಎಂದು ಕೂಗಿ ಮತ್ತೆ ಹೇಳಿಸುತ್ತಾರಲ್ಲ, ಆ ಭಾಗ್ಯ ಅವನಿಗೆ ಒಮ್ಮೆಯೂ ಬಂದಿರಲಿಲ್ಲ. ಒಂದು ಸಲ ಯಾರೋ ಕೂಗಿದ್ದು ಕೇಳಿ ಅವನು ಹಿಗ್ಗಿಹೋಗಿ ಇಡೀ ಮಾತನ್ನು ಮತ್ತೆ ಹೇಳಿದ್ದ. ಕೂಗಿದವನು ಕರೆದದ್ದು ಚಹಾ ಮಾರುವವನನ್ನು ಎಂದು ಆಮೇಲೆ ತಿಳಿಯಿತು.

ಆ ಭಾಗ್ಯ ಬಂದದ್ದು ತಮ್ಮ ಬಾಲಪ್ಪನಿಗೆ. ಎಪ್ಪತ್ತೊಂಬತ್ತನೆಯ ಇಸವಿಯ ನಾಟಕದಲ್ಲಿ ಬಾಲಪ್ಪ ದ್ವಾರಪಾಲಕನಾಗಿದ್ದ. ಅವನಿಗಿದ್ದದ್ದು ಒಂದೇ ಮಾತು, 'ಪ್ರಭು, ಬಾಗಿಲಲ್ಲಿ ಯಾರೋ ಬಂದಿದ್ದಾರೆ.' ಅದನ್ನು ಅವನು ಒಂದು ಕೈ ಹೊಟ್ಟೆಯ ಮೇಲಿಟ್ಟು, ಕಣ್ಣು ಮಾಡಿನ ಕಡೆ ಹೊರಳಿಸಿ, ಬಂದವರು ಚಹಾ ಕುಡಿಸಿದರೆ ಮಾತ್ರ ಒಳಗೆ ಬಿಡುತ್ತೇನೆ ಎಂಬ ಧಾಟಿಯಲ್ಲಿ ಹೇಳಿದ. ಕೊಪ್ಪಳದ ಕಚೇರಿಯ ಮೆಟ್ಟಿಲು ಹತ್ತಿದ್ದ ಪ್ರತಿಯೊಬ್ಬನಿಗೂ ಅದು ಪಂಪಣ್ಣನ ನಿಲುವು, ಪಂಪಣ್ಣನ ದನಿ ಎಂದು ಗೊತ್ತಾಯಿತು. ಜನ ಬಿದ್ದು ಬಿದ್ದು ನಕ್ಕು ಮೂರು ಸಲ ವನ್ಸ್ ಮೋರ್ ಕೂಗಿದರು. ಸಿಂಹಾಸನದ ಮೇಲೆ ಕೂತಿದ್ದ ರಾಜನಿಗೆ ಮಾತ್ರ ಯಾಕೆ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲ. ಮೂರನೆಯ ಸಲ ತಿಳಿಯಿತು.

ನಮ್ಮ ಕಡೆ ನಾಟಕ ನಡುವೆ ನಿಲ್ಲುತ್ತದೆ. ಆಯೇರಿ ಮಾಡುವವರು ಬರಬೇಕು ಎಂದು ಮ್ಯಾನೇಜರ ಕೂಗುತ್ತಾನೆ. ಬಣ್ಣ ಹಚ್ಚಿದವನ ಬೀಗರು, ಗೆಳೆಯರು ಸ್ಟೇಜು ಹತ್ತಿ ರುಮಾಲು ಸುತ್ತಿ, ಧೋತರ ಕೊಟ್ಟು ಇಳಿಯುತ್ತಾರೆ. ಕೊಟ್ಟವರ ಹೆಸರು ಹೇಳಿದಾಗೊಮ್ಮೆ ಹಾರ್ಮೋನಿಯಂ ಕುಂಯ್‌ಗುಡುತ್ತದೆ. ಮೊದಲ ಆಯೇರಿ ಮನೆಯವರದೇ ಆಗಬೇಕು. ತಾಯಿ ಗಾಳೆಮ್ಮ ಇಬ್ಬರು ಮಕ್ಕಳಿಗೂ ಒಂದೊಂದು ರುಮಾಲು ತೆಗೆದಿಟ್ಟು ಹಿರಿಯನ ಕೈಗೆ ಕೊಟ್ಟಿದ್ದಳು. ಪಂಪಣ್ಣ ತನ್ನದನ್ನು ಕಟ್ಟಿಸಿಕೊಂಡ. ತಮ್ಮನದನ್ನು ಸಿಂಹಾಸನದ ಕೆಳಗಿನ ಚೀಲದಲ್ಲೇ ಬಿಟ್ಟ. ಬಾಲಪ್ಪ ಭರ್ಚಿ ಹಿಡಿದುಕೊಂಡು ಬದಿಗೆ ನಿಂತೇ ಇದ್ದ, ಅವನಿಗೆ ಯಾರೂ ಬರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನಾಟಕ ಮುಗಿದ ಮೇಲೆ ಪರದೆಯ ಹಿಂದೆ, ಊರ ಹುಡುಗರೆಲ್ಲ ಬಣ್ಣ ಒರೆಸಿಕೊಳ್ಳುತ್ತಿದ್ದಾಗ, ರಾಜ ಕಿರೀಟ ಇಟ್ಟುಕೊಂಡೇ ದ್ವಾರಪಾಲಕನಿಗೆ ಹೇಳಿದ: "ಇನ್ನ ನೀ ಬಣ್ಣ ಹಚ್ಚಬ್ಯಾಡ. ನಿನ್ನ ಮುಖಕ್ಕ ಹೆಣದ ಪಾರ್ಟು ಸೈತ ಒಪ್ಪೂದಿಲ್ಲ."

ಬಾಲಪ್ಪ ಭರ್ಚಿ ಕೆಳಗಿಟ್ಟು ಹೊರಗೆ ನಡೆದ. ಎರಡು ವಾರ ಕಳೆದು ಬೆಂಗಳೂರಿಗೆ ಹೋಗಿ ಯಾವುದೋ ಲೇತ್ ಅಂಗಡಿ ಸೇರಿದ. ತಿಂಗಳಿಗೊಂದು ಪತ್ರ ಅವ್ವನ ಹೆಸರಿಗೆ ಬರುತ್ತಿತ್ತು. ಅವ್ವನಿಗೆ ಓದಲು ಬರುವುದಿಲ್ಲ, ಮನೆಯಲ್ಲಿ ಓದುವವನು ಪಂಪಣ್ಣ ಒಬ್ಬನೇ ಎಂಬುದು ಬರೆದವನಿಗೂ ಗೊತ್ತಿತ್ತು. ಅದಕ್ಕೇ ಪ್ರತಿ ಪತ್ರದ ಕೊನೆಗೆ 'ಓದಿದವರಿಗೆ ನಮಸ್ಕಾರ' ಎಂದಿರುತ್ತಿತ್ತು. ಅಣ್ಣ ಎಂಬ ಶಬ್ದ ಇಲ್ಲ, ವಿಳಾಸವೂ ಇಲ್ಲ. ಪಂಪಣ್ಣ ಆ ಸಾಲನ್ನು ಸರಕಾರಿ ನೋಟೀಸು ಓದಿದ ಹಾಗೆ ಓದಿ ಪತ್ರ ಮಡಚುತ್ತಿದ್ದ. ಮೂರು ವರ್ಷ ಹೀಗೇ ನಡೆಯಿತು. ತಪ್ಪು ತನ್ನದೇ ಎಂದು ಅವನಿಗೆ ಮೊದಲನೆಯ ಪತ್ರಕ್ಕೇ ಗೊತ್ತಾಗಿತ್ತು. ಆದರೆ ರಾಜನ ಪಾರ್ಟು ಮಾಡಿದವನಿಗೆ ತಪ್ಪಾಯಿತು ಎನ್ನುವ ಮಾತು ಬಾಯಿಪಾಠವಾಗಿರುವುದಿಲ್ಲ.

ಎಂಬತ್ತೆರಡರಲ್ಲಿ ಬಂದ ಒಂದು ಪತ್ರದಲ್ಲಿ, ಬರುವ ಶನಿವಾರ ಸಂಜೆ ಇಲ್ಲಿನ ಒಂದು ಸಣ್ಣ ಥೇಟರಿನಲ್ಲಿ ನಾನೂ ಒಂದು ನಾಟಕದಲ್ಲಿದ್ದೇನೆ ಎಂದು ಬಾಲಪ್ಪ ಬರೆದಿದ್ದ. ಗಾಳೆಮ್ಮ ಕೇಳಿಸಿಕೊಂಡವಳೇ ಎದ್ದು ಹೋಗಿ ಟ್ರಂಕಿನಿಂದ ಹಳೆಯ ರುಮಾಲು ತಂದು ಹಿರಿಯ ಮಗನ ತೊಡೆಯ ಮೇಲಿಟ್ಟಳು. ಅದು ಮೂರು ವರ್ಷದ ಹಿಂದೆ ಚೀಲದಲ್ಲಿ ಉಳಿದಿದ್ದ ರುಮಾಲು. ಅವಳಿಗೆ ಎಲ್ಲ ಗೊತ್ತಿತ್ತು.

"ಬಣ್ಣ ಹಚ್ಚಿದ ಮಗಗ ಮನಿ ಆಯೇರಿ ಆಗಲಿಲ್ಲಂದ್ರ ಅಂವ ಯಾರೂ ಇಲ್ಲದಂವ ಆಗ್ತಾನ," ಎಂದಳು. "ನೀ ಇಟಗೊಂಡಿದ್ದು, ನೀನ ಹೋಗಿ ಕಟ್ಟಿ ಬಾ."

ಪಂಪಣ್ಣ ರಜೆ ಹಾಕಿ, ರುಮಾಲು, ಹೊಸ ಧೋತರ, ತೆಂಗಿನಕಾಯಿ ಚೀಲಕ್ಕೆ ತುಂಬಿ ಕೊಪ್ಪಳದಲ್ಲಿ ಕೆಂಪು ಬಸ್ಸು ಹತ್ತಿದ. ತಮ್ಮ ಮುಖ ತಿರುಗಿಸಿಬಿಟ್ಟರೆ ಅವ್ವನಿಗೆ ಏನು ಹೇಳುವುದು ಎಂಬ ಚಿಂತೆ ದಾರಿಯುದ್ದಕ್ಕೂ ಜೊತೆಗಿತ್ತು. ತಮ್ಮ ಸಿಗುತ್ತಾನೋ ಇಲ್ಲವೋ ಎಂಬ ಚಿಂತೆ ಇರಲಿಲ್ಲ. ಸಣ್ಣ ಥೇಟರು ಎಂದರೆ ಊರಿಗೆ ಒಂದಿರುತ್ತದೆ, ಕೇಳಿದರೆ ತೋರಿಸುತ್ತಾರೆ ಎಂದು ಅವನು ನಂಬಿದ್ದ.

ಬೆಂಗಳೂರಿನಲ್ಲಿ ಅವನು ಇಳಿದುಕೊಂಡದ್ದು ಕುಷ್ಟಗಿಯ ದಾದೇಸಾಬನ ಹತ್ತಿರ. ದಾದೇಸಾಬ ಒಂದು ಕಾಲಕ್ಕೆ ಅಳವಂಡಿಯ ನಾಟಕಗಳಿಗೆ ಜರಿಯಂಗಿ ಹೊಲಿಯುತ್ತಿದ್ದ ದರ್ಜಿ; ಈಗ ಬೆಂಗಳೂರಿನ ಒಂದು ಗಲ್ಲಿಯಲ್ಲಿ ಅಂಗಡಿ ಇಟ್ಟಿದ್ದ. ಸಣ್ಣ ಥೇಟರು ಎಂದು ಕೇಳಿದಾಗ ಅವನು ಹೊಲಿಗೆ ಯಂತ್ರ ನಿಲ್ಲಿಸಿ, ಈ ಊರಾಗ ಅಂಥಾವು ಮನಿಗೊಂದು ಅದಾವ ಎಂದ. ಗುರುವಾರ ಒಂದು, ಶುಕ್ರವಾರ ಒಂದು ನೋಡಿ ವಿಚಾರಿಸೋಣ ಎಂದು ನಿಶ್ಚಯವಾಯಿತು.

ಗುರುವಾರ ಹೋದದ್ದು ಬಸವನಗುಡಿಯ ಕಡೆ ಒಂದು ಮನೆಗೆ. ಮನೆಯ ಪಡಸಾಲೆಯೇ ಸಂಗೀತದ ಸಭೆ. ಜಮಖಾನೆಯ ಮೇಲೆ ಮೂವತ್ತು ಮಂದಿ ಕೂತಿದ್ದರು, ಗೋಡೆಯ ಮೇಲೆ ಆ ಮನೆಯ ತೀರಿಹೋದ ಹಿರಿಯರು ಸಾಲಾಗಿ ಕೂತಿದ್ದರು. ಹಾಡುವವರ ಬೆನ್ನಿಗೆ ಅಡುಗೆಮನೆಯ ಬಾಗಿಲು. ರಾಗ ಮೇಲೇರಿದಾಗ ಒಳಗಿಂದ ಒಗ್ಗರಣೆಯ ವಾಸನೆ ಬಂತು. ಎಲ್ಲರೂ ತೊಡೆ ಬಡಿದುಕೊಳ್ಳುವುದನ್ನು ಕಂಡು ಸೊಳ್ಳೆ ಭಾಳ ಎಂದುಕೊಂಡು ಪಂಪಣ್ಣನೂ ಎರಡೇಟು ಹಾಕಿಕೊಂಡ. ಹಾಡು ನಿಜಕ್ಕೂ ಚೆನ್ನಾಗಿತ್ತು. ಮುಗಿದ ಕೂಡಲೇ ಅವನು ಎದ್ದು ನಿಂತು, ಇಪ್ಪತ್ತು ವರ್ಷ ತನಗಾಗಿ ಕಾದಿಟ್ಟಿದ್ದ ಗಂಟಲನ್ನೆಲ್ಲ ಖರ್ಚು ಮಾಡಿ ವನ್ಸ್ ಮೋರ್ ಎಂದು ಕೂಗಿದ. ಮೂವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಗೋಡೆಯ ಮೇಲಿನವರೂ ತಿರುಗಿದಂತೆ ಅವನಿಗೆ ಅನಿಸಿತು. ದಾದೇಸಾಬ ಅವನ ಅಂಗಿ ಹಿಡಿದು ಎಳೆದು ಕೂರಿಸಿದ.

ಶುಕ್ರವಾರದ್ದು ಒಂದು ಹೋಟೆಲು. ಕೈ ತೊಳೆಯುವ ಜಾಗಕ್ಕೂ ಗಲ್ಲಾಪೆಟ್ಟಿಗೆಗೂ ನಡುವೆ ಎರಡು ಹಲಗೆ ಜೋಡಿಸಿ ಆರ್ಕೆಸ್ಟ್ರಾ ಕೂರಿಸಿದ್ದರು. ಕೋಟು ಹಾಕಿದ ಗಾಯಕ ಕಣ್ಣು ಮುಚ್ಚಿ ವಿರಹದ ಹಾಡು ಹಾಡುವಾಗ ಅವನ ಕಿವಿಯ ಪಕ್ಕದಲ್ಲೇ ಮಾಣಿ ಎರಡು ಮಸಾಲೆ ಒಂದು ಖಾಲಿ ಎಂದು ಕೂಗುತ್ತಿದ್ದ. ಗಾಯಕ ತಾಳ ತಪ್ಪುತ್ತಿರಲಿಲ್ಲ, ಅದಕ್ಕೆ ಪಂಪಣ್ಣ ಮನಸ್ಸಿನಲ್ಲೇ ಶಭಾಷ್ ಎಂದ. ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ಕಳಿಸಬೇಕೆಂದು ಗೊತ್ತಾದಾಗ ಅವನಿಗೊಂದು ಯುಕ್ತಿ ಹೊಳೆಯಿತು. ಊರ ಕಲಾವಿದರಿಗೆಲ್ಲ ಒಬ್ಬರಿಗೊಬ್ಬರ ಪರಿಚಯ ಇದ್ದೇ ಇರುತ್ತದಲ್ಲ. ಅವನು ಚೀಟಿ ಬರೆದು ಕಳಿಸಿದ. ಗಾಯಕ ಅದನ್ನು ಬಿಡಿಸಿ ಮೈಕಿನಲ್ಲಿ ಓದಿದ: "ಅಳವಂಡಿಯ ಬಾಲಪ್ಪ ಎಲ್ಲಿ ಅದಾನ, ಗೊತ್ತಿದ್ದವರು ತಿಳಿಸಬೇಕು." ಚೀಟಿ ಮಡಚಿ ಸೇರಿಸಿದ: "ಕ್ಷಮಿಸಬೇಕು, ಈ ಹಾಡು ನಮಗೆ ಬರುವುದಿಲ್ಲ." ಹೋಟೆಲಿಗೆ ಹೋಟೆಲೇ ನಕ್ಕಿತು. ತಾನು ಸ್ಟೇಜಿನ ಮೇಲೆ ನಿಂತು ಇಷ್ಟು ಜನರನ್ನು ಎಂದೂ ನಗಿಸಿರಲಿಲ್ಲವಲ್ಲ ಎಂದು ಪಂಪಣ್ಣ ದೋಸೆ ಮುರಿಯುತ್ತ ಯೋಚಿಸಿದ.

ಶನಿವಾರ ದಾರಿ ಸಿಕ್ಕಿದ್ದು ದಾದೇಸಾಬನ ಅಂಗಡಿಯಲ್ಲೇ. ಗಡ್ಡದ ಯುವಕನೊಬ್ಬ ಹೊಲಿಯಲು ಕೊಟ್ಟಿದ್ದ ಉದ್ದನೆಯ ಕರಿ ಬಟ್ಟೆ ಒಯ್ಯಲು ಬಂದ. ಇದು ಛತ್ರಿಗೋ ಎಂದು ದಾದೇಸಾಬ ಕೇಳಿದ. ಅಲ್ಲ, ನಮ್ಮ ನಾಟಕಕ್ಕೆ, ಸಂಜೆ ಆರೂವರೆಗೆ ಎಂದ ಯುವಕ. ಬಾಲಪ್ಪ ಎಂಬವನಿದ್ದಾನೆಯೇ ಎಂದು ಪಂಪಣ್ಣ ಕೇಳಿದ್ದಕ್ಕೆ, ಇದ್ದಾರೆ, ಮುಖ್ಯ ಪಾತ್ರವೇ ಅವರದು ಎಂದು ಹೇಳಿ, ಜಾಗದ ಗುರುತು ಕೊಟ್ಟು ಹೋದ. ಮುಖ್ಯ ಪಾತ್ರ ಎಂದರೆ ರಾಜ. ಪಂಪಣ್ಣನಿಗೆ ಸಂತೋಷವಾಯಿತು, ಹೊಟ್ಟೆಯೂ ಸ್ವಲ್ಪ ಉರಿಯಿತು.

ಥೇಟರು ಸೈಕಲ್ ರಿಪೇರಿ ಅಂಗಡಿಯ ಮಾಳಿಗೆಯ ಮೇಲಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಚಾಪೆ ಹಾಸಿತ್ತು. ಪರದೆಯಿಲ್ಲ, ಸ್ಟೇಜಿಲ್ಲ, ಹಾರ್ಮೋನಿಯಂ ಇಲ್ಲ. ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು. ಐವತ್ತು ಜನ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ನಡುವೆ ಕರಿ ಬಟ್ಟೆಯ ಮೇಲೆ ಒಂದು ಹೆಣ ಮಲಗಿತ್ತು. ಅದು ಬಾಲಪ್ಪ.

ಪಂಪಣ್ಣನಿಗೆ ತನ್ನ ಮಾತು ನೆನಪಾಯಿತು. ಮೂರು ವರ್ಷದ ಹಿಂದೆ ಹೆಣದ ಪಾರ್ಟು ಸೈತ ಒಪ್ಪುವುದಿಲ್ಲ ಎಂದು ಅಂದದ್ದನ್ನು ಈ ಹುಡುಗ ಬೆಂಗಳೂರಿನವರೆಗೆ ಹೊತ್ತು ತಂದು ಇಲ್ಲಿ ಹಾಸಿ ಮಲಗಿದ್ದಾನೆ. ಒಪ್ಪದೆ ಏನು, ನೋಡಿದವನ ಎದೆ ಝಲ್ಲೆನ್ನುವ ಹಾಗಿತ್ತು.

ಕಥೆ ಸರಳವಾಗಿತ್ತು. ಸರಕಾರಿ ಕಚೇರಿಯ ಅಂಗಳದಲ್ಲಿ ಹೆಣವೊಂದು ಸಿಕ್ಕಿದೆ. ಅದು ಯಾವ ಮೇಜಿಗೆ ಸೇರಿದ್ದು ಎಂದು ಗುಮಾಸ್ತರು ಫೈಲು ಹಿಡಿದು ಜಗಳಾಡುತ್ತಾರೆ. ಐವತ್ತು ಜನ ಗಂಭೀರವಾಗಿ ನೋಡುತ್ತಿದ್ದರು. ಪಂಪಣ್ಣನೊಬ್ಬ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ, ಅವನಿಗೆ ಅಲ್ಲಿದ್ದ ಪ್ರತಿಯೊಬ್ಬ ಗುಮಾಸ್ತನ ನಿಜವಾದ ಹೆಸರು ಗೊತ್ತಿತ್ತು. ಕೊನೆಗೆ ದೊಡ್ಡ ಸಾಹೇಬನ ಪಾತ್ರದವನು ಮುಂದೆ ಬಂದು, ಜನರ ಕಡೆ ಕೈ ಚಾಚಿ ಕೇಳಿದ:

"ಈ ಹೆಣಕ್ಕೆ ಸಂಬಂಧಪಟ್ಟವರು ಯಾರಾದರೂ ಇದ್ದೀರಾ?"

ನಾಟಕ ನಿಂತಿದೆ. ಮ್ಯಾನೇಜರ ಮುಂದೆ ಬಂದಿದ್ದಾನೆ. ಸಂಬಂಧಪಟ್ಟವರು ಬರಬೇಕು ಎನ್ನುತ್ತಿದ್ದಾನೆ. ಅಳವಂಡಿಯಲ್ಲಿ ಬೆಳೆದವನಿಗೆ ಇದಕ್ಕೆ ಒಂದೇ ಅರ್ಥ. ಪಂಪಣ್ಣ ಚೀಲ ಎತ್ತಿಕೊಂಡು ಎದ್ದ.

"ಅದೀನ್ರಿ," ಎಂದ. "ನಾ ಅವನ ಅಣ್ಣ."

ಪಕ್ಕದಲ್ಲಿ ಕೂತಿದ್ದ ದಾದೇಸಾಬ ಅಂಗಿ ಹಿಡಿಯಲು ಕೈ ಚಾಚಿದ, ಸಿಗಲಿಲ್ಲ. ಪಂಪಣ್ಣ ನೇರ ನಡುವಿಗೆ ಹೋಗಿ, ಸಾಹೇಬನಿಗೆ ಕೈಮುಗಿದು ಬದಿಗೆ ಸರಿಸಿ, ಹೆಣದ ತಲೆದೆಸೆಯಲ್ಲಿ ಕೂತ. ಧೋತರವನ್ನು ಎದೆಯ ಮೇಲಿಟ್ಟ, ಕಾಯಿ ಪಕ್ಕಕ್ಕಿಟ್ಟ. ತಲೆಯ ಕೆಳಗೆ ಕೈ ಹಾಕಿ ರುಮಾಲು ಸುತ್ತತೊಡಗಿದ. ಸುತ್ತಿ ಮುಗಿಸಿ ಎದ್ದು ನಿಂತು, ರಾಜನ ಪಾರ್ಟಿನ ದನಿಯಲ್ಲಿ ಸಾರಿದ: "ಅಳವಂಡಿಯ ಗಾಳೆಮ್ಮನವರಿಂದ ಅವರ ಸಣ್ಣ ಮಗ ಬಾಲಪ್ಪನವರಿಗೆ ಮನಿ ಆಯೇರಿ. ಮೂರು ವರ್ಷದ ಹಿಂದ ಆಗಬೇಕಾಗಿತ್ತು. ಇಟಗೊಂಡಂವ ನಾನು. ತಪ್ಪಾತು."

ಹಾರ್ಮೋನಿಯಂಗಾಗಿ ಕಾದ. ಕೆಳಗಿನ ಅಂಗಡಿಯಲ್ಲಿ ಒಂದು ಟ್ಯೂಬು ಪುಸ್ಸೆಂದಿತು. ಸಾಹೇಬನ ಬಾಯಿ ತೆರೆದೇ ಇತ್ತು. ಮೂಲೆಯಲ್ಲಿ ಗಡ್ಡದ ಯುವಕ ತಲೆ ಹಿಡಿದುಕೊಂಡು ಕೂತಿದ್ದ. ಆಗ ಪಂಪಣ್ಣನಿಗೆ ಇಲ್ಲಿ ಏನೋ ಬೇರೆ ರೀತಿ ಇದೆ ಎಂದು ಹೊಳೆಯತೊಡಗಿತು. ಹೆಣ ತುಟಿ ಅಲ್ಲಾಡಿಸದೆ, ಅವನಿಗೊಬ್ಬನಿಗೇ ಕೇಳುವಂತೆ ಅಂದಿತು: "ಇಳಿ ಕೆಳಗ."

ಇಳಿಯಲು ಅಲ್ಲಿ ಸ್ಟೇಜೇ ಇರಲಿಲ್ಲ. ಜನ ಚಪ್ಪಾಳೆ ತಟ್ಟತೊಡಗಿದ್ದರು. ಪಂಪಣ್ಣ ಆ ಗದ್ದಲದಲ್ಲೇ ಬಾಗಿಲ ಕಡೆ ನಡೆದು, ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಕಬ್ಬಿಣದ ಮೆಟ್ಟಿಲು ಇಳಿದ. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಯಾವುದೋ ಬೆಂಗಳೂರಿನವರದು ಬಂದಿತ್ತು.

ಮರುದಿನ ಊರಿನ ಬಸ್ಸಿನಲ್ಲಿ ಅವನು ಬರೇ 'ಇಳಿ ಕೆಳಗ' ಎಂಬುದನ್ನೇ ನೆನೆದ. ಮೂರು ವರ್ಷದಲ್ಲಿ ತಮ್ಮ ಆಡಿದ್ದು ಎರಡೇ ಶಬ್ದ, ಎರಡೂ ಓಡಿಸುವುದಕ್ಕೆ. ಚಿತ್ರದುರ್ಗ ದಾಟಿದ ಮೇಲೆ ಇನ್ನೊಂದು ಸಂಗತಿ ನೆನಪಾಯಿತು. ಮಲಗಿದವನಿಗೆ ರುಮಾಲು ಸುತ್ತುವುದು ಸುಲಭವಲ್ಲ, ತಲೆ ಭಾರವಾಗಿರಬೇಕು. ಆದರೆ ತಾನು ಕೈ ಹಾಕಿದಾಗ ಅದು ಹಗುರಾಗಿತ್ತು. ಪ್ರತಿ ಸುತ್ತಿಗೂ ಹೆಣ ತಾನಾಗಿಯೇ ತಲೆ ಎತ್ತಿ ಕೊಟ್ಟಿತ್ತು. ನಿಜವೋ ತನಗೆ ಹಾಗನಿಸಿತೋ ಎಂದು ಅವನಿಗೆ ಖಾತ್ರಿಯಾಗಲಿಲ್ಲ.

ಅವ್ವನಿಗೆ ಕಟ್ಟಿ ಬಂದೆ ಎಂದಷ್ಟೇ ಹೇಳಿದ. ಏನಂದ ಎಂದು ಅವಳು ಕೇಳಿದಾಗ, ಮಾತಾಡೂ ಪಾರ್ಟಲ್ಲವ್ವ ಅದು ಎಂದು ಜಾರಿಕೊಂಡ.

ಮೂರು ವಾರಕ್ಕೆ ಪತ್ರ ಬಂತು. ಹಿಂಬದಿಯಲ್ಲಿ ಮೊದಲ ಸಲ ಲೇತ್ ಅಂಗಡಿಯ ವಿಳಾಸವಿತ್ತು. ಗಾಳೆಮ್ಮ ಎದುರಿಗೆ ಕೂತಳು. ನಿರ್ದೇಶಕನಾದ ಆ ಗಡ್ಡದ ಯುವಕ ಎರಡು ದಿನ ಬಾಲಪ್ಪನೊಂದಿಗೆ ಮಾತು ಬಿಟ್ಟಿದ್ದನಂತೆ. ಆಮೇಲೆ ನೋಡಿದವರೆಲ್ಲ ಆ ರುಮಾಲಿನ ದೃಶ್ಯವನ್ನೇ ಹೊಗಳಿದ್ದರಿಂದ ಈಗ ಅದನ್ನು ನಾಟಕದಲ್ಲೇ ಸೇರಿಸಿದ್ದಾನಂತೆ. ಅದಕ್ಕೆ ಮೂವರನ್ನು ನಿಲ್ಲಿಸಿ ನೋಡಿದರೂ ಒಬ್ಬರಿಗೂ ರುಮಾಲು ಸುತ್ತಲು ಬರಲಿಲ್ಲವಂತೆ. ಪಂಪಣ್ಣ ಕೊನೆಯ ಸಾಲಿಗೆ ಬಂದ. ಎಂದಿನ ಹಾಗೆ ನೋಟೀಸಿನ ದನಿ ತೆಗೆದವನು ಅರ್ಧಕ್ಕೇ ನಿಂತ. ದನಿ ಬದಲಿಸಿ ಮೊದಲಿಂದ ಓದಿದ:

"ಓದಿದ ಅಣ್ಣಗ ನಮಸ್ಕಾರ. ಹೆಣದ ಪಾರ್ಟು ನನ್ನ ಮುಖಕ್ಕ ಒಪ್ಪಿತೋ ಇಲ್ಲೋ ಬರದು ತಿಳಸು."

ಗಾಳೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅದನ್ನ ಇನ್ನೊಮ್ಮಿ ಓದು," ಎಂದಳು.

ಇಪ್ಪತ್ತು ವರ್ಷ ಬಣ್ಣ ಹಚ್ಚಿದವನಿಗೆ ಬಂದ ಮೊದಲ ವನ್ಸ್ ಮೋರ್ ಅದು. ಪಂಪಣ್ಣ ಎದ್ದು ನಿಂತು ಓದಿದ.