ಅಣ್ಣನ ಭಟ್ಟಿ, ಅವ್ವನ ರಂಜಕ

ಅವನ ಕೈಗಳಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಭಟ್ಟಿಯ ಬಾಯಿಗೆ ಕೈ ಹಾಕಿ ಹಾಕಿ ಎಲ್ಲ ಸುಟ್ಟುಹೋಗಿ, ಚರ್ಮ ಎಣ್ಣೆ ಸವರಿದ ಬನ್ನಿನ ಹಾಗೆ ಕಂದಾಗಿ ಹೊಳೆಯುತ್ತಿತ್ತು. ಬ್ರೆಡ್ಡಿನ ಬೆನ್ನನ್ನು ಉಗುರಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದ. ಗಡಿಯಾರ ನೋಡಿದ್ದನ್ನು ನಾನು ಕಾಣೆ. "ಬೆಂದ್ರೆ ಅದೇ ಹೇಳುತ್ತೆ ಕಣಮ್ಮ, ಕೇಳಿಸ್ಕೊಳೋಕೆ ನಮಗೆ ತಾಳ್ಮೆ ಇರ್ಬೇಕು" ಎನ್ನುತ್ತಿದ್ದ.

ಬೆಂಗಳೂರಿನ ಸಿಂಗಸಂದ್ರದಲ್ಲಿ ಎಲ್ಲರಿಗೂ ಅವನು ಬೇಕರಿ ಅಣ್ಣ. ನನಗೆ ಬರಬರುತ್ತ ಬರೀ ಅಣ್ಣ. ನಾವು ಗದಗದ ಕಡೆಯಿಂದ ಬಂದವರು. ನನ್ನ ಗಂಡ ಗೌಂಡಿ, ಗಾರೆ ಕೆಲಸದವನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದರ ಪಕ್ಕ ಒಂದು ಕಂಪನಿ ಏಳುತ್ತಿದ್ದ ಕಾಲ ಅದು, ಕೆಲಸಕ್ಕೆ ಬರವಿರಲಿಲ್ಲ. ಅವ್ವ ನನ್ನ ಜೊತೆಗೇ ಇದ್ದಳು. ನಮ್ಮ ಬಾಡಿಗೆ ಕೋಣೆ ಬೇಕರಿಯ ಹಿಂದೆ. ಭಟ್ಟಿಯ ಗೋಡೆಯೇ ನಮ್ಮ ಗೋಡೆ. ಚಳಿ ಬಂತೆಂದರೆ ಅವ್ವ ಆ ಗೋಡೆಗೆ ಬೆನ್ನು ಕೊಟ್ಟು ಕೂತು, "ಈ ಊರಾಗ ನನ್ನ ಬೆನ್ನ ಕಾಯಿಸಾಕ ಇದೊಂದು ಗ್ವಾಡಿ ಐತಿ ನೋಡು" ಎನ್ನುತ್ತಿದ್ದಳು.

ನನಗೆ ಗಲ್ಲಾಪೆಟ್ಟಿಗೆಯ ಹತ್ತಿರ ಕೆಲಸ ಕೊಟ್ಟವನು ಅಣ್ಣನೇ. ಗಿರಾಕಿಯ ಮುಖ ನೋಡಿ ಮಾತಾಡುವುದನ್ನು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದನ್ನು ಕಲಿಸಿದವನೂ ಅವನೇ. ಬಿಸ್ಕತ್ತಿನ ಪೊಟ್ಟಣಗಳೇ ನನ್ನ ಪಠ್ಯಪುಸ್ತಕ. ತಪ್ಪು ಓದಿದರೆ ನಗುತ್ತಿರಲಿಲ್ಲ. "ಇನ್ನೊಂದ್ಸಲ ಓದು, ಬಿಸ್ಕತ್ ಎಲ್ಲಿಗೂ ಓಡೋಗಲ್ಲ" ಎನ್ನುತ್ತಿದ್ದ.

ಪಿಜ್ಜಾದ ಕೆಂಪು ಪೆಟ್ಟಿಗೆ ಕಟ್ಟಿಕೊಂಡ ಬೈಕುಗಳು ಹೊಸೂರು ರಸ್ತೆಯಲ್ಲಿ ಓಡಾಡತೊಡಗಿದ್ದು ಆಗಲೇ. ಕಂಪನಿಗಳಲ್ಲಿ ಶುಕ್ರವಾರ ಬಂದರೆ ಪಿಜ್ಜಾ. ಗಾರ್ಮೆಂಟ್ಸಿನ ಹುಡುಗಿಯರು ಸಂಬಳದ ದಿನ ಗುಂಪು ಕಟ್ಟಿಕೊಂಡು ಹೋಗಿ, ಎಲ್ಲರೂ ಸೇರಿ ಒಂದನ್ನು ಹಂಚಿಕೊಂಡು, ಖಾಲಿ ಡಬ್ಬಿಯನ್ನು ಜೋಪಾನವಾಗಿ ಮನೆಗೆ ತರುತ್ತಿದ್ದರು. ನಮ್ಮ ವಠಾರದಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕಿನ ಪಕ್ಕದಲ್ಲಿ ಪಿಜ್ಜಾ ಇಲ್ಲದಿದ್ದರೆ ಮರ್ಯಾದೆಯ ಪ್ರಶ್ನೆ ಎಂಬಂತಾಯಿತು. ಅಣ್ಣ ಇದನ್ನೆಲ್ಲ ನೋಡಿ, ಬನ್ನಿನ ಹಿಟ್ಟನ್ನೇ ಅಗಲವಾಗಿ ತಟ್ಟಿ, ಈರುಳ್ಳಿ, ಕ್ಯಾರೆಟ್, ದಪ್ಪ ಮೆಣಸಿನಕಾಯಿ ಉದುರಿಸಿ, ಬಾಟಲಿಯ ಸಾಸ್ ಬಳಿದು ಬೇಯಿಸಿದ. ಅದು ಸಿಹಿ ಸಿಹಿಯಾಗಿತ್ತು. ತಿಂದವರು ಏನೂ ಹೇಳದೆ ಕಾಫಿ ಕೇಳಿದರು.

ಪಿಜ್ಜಾದ ಕಥೆ ಹೇಳುವುದೆಂದರೆ ಅವನಿಗೆ ಹಬ್ಬ. ಹುಡುಗನಾಗಿದ್ದಾಗ ಸಿಟಿಯ ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕುತ್ತ, ಅಲ್ಲಿನ ಅಡುಗೆಯವನ ಬಾಯಿಂದ ಕೇಳಿದ್ದಂತೆ. ಬ್ರೆಡ್ಡು ಹೊರಗೆ ಬಂದ ಮೇಲೆ ಗೋಣಿಚೀಲದ ಮೇಲೆ ಕೂತು ಶುರು ಮಾಡುತ್ತಿದ್ದ.

"ಇಟಲೀಲಿ ನೇಪಲ್ಸ್ ಅಂತ ಒಂದು ಬಂದರು. ಅಲ್ಲಿ ಹಡಗಿಂದ ಮೂಟೆ ಇಳಿಸೋ ಕೂಲಿಯೋರು. ಕೂತು ಉಣ್ಣೋಕೆ ಮನೇನೂ ಇಲ್ಲ, ಟೈಮೂ ಇಲ್ಲ. ಅವರಿಗೆ ರೊಟ್ಟಿ ಮೇಲೆ ಬೆಳ್ಳುಳ್ಳಿ, ಟೊಮೆಟೊ. ಟೊಮೆಟೊ ವಿಷ ಅಂತ ಸಾಹುಕಾರ್ರು ಮುಟ್ತಿರ್ಲಿಲ್ಲ, ಬಡವ್ರು ತಿಂದ್ರು. ತಗಡಿನ ಪೆಟ್ಟಿಗೇಲಿಟ್ಟು ತಲೆ ಮೇಲೆ ಹೊತ್ಕೊಂಡು ಬೀದೀಲಿ ಮಾರೋರು. ಆಮೇಲೆ ಒಬ್ಳು ರಾಣಿ ಆ ಊರಿಗೆ ಬಂದ್ಲಂತೆ. ಅವಳಿಗೊಂದು ಮಾಡ್ಕೊಟ್ರು, ಅವಳ ಹೆಸರೇ ಇಟ್ರು. ಅಲ್ಲಿಂದ ಪಿಜ್ಜಾಗೆ ಮರ್ಯಾದೆ ಬಂತು."

"ರಾಣಿ ಬರೂಕಿಂತ ಮೊದಲ ಯಾರು ಮಾಡ್ತಿದ್ರು?" ಎಂದು ಅವ್ವ ಕೇಳಿದಳು.

"ಅದ್ಯಾರಿಗೆ ಗೊತ್ತಜ್ಜಿ, ಯಾರೋ ಹೆಂಗಸ್ರು. ಅಲ್ಲಿ ಕೂಲಿ ಸಾಲದೆ ಅಮೆರಿಕಕ್ಕೆ ಗುಳೆ ಹೋದ್ರಲ್ಲ, ರೊಟ್ಟಿನೂ ಜೊತೇಲಿ ಹೋಯ್ತು. ಅಲ್ಲಿಂದ ಇಲ್ಲಿಗೆ ಬಂತು. ನೀವು ಗದಗಿಂದ ಬರ್ಲಿಲ್ವಾ, ಅಂಗೇ."

"ಹಂಗಾದ್ರ ಇದರಾಗ ಹೊಸಾದೇನೈತೋ ತಮ್ಮಾ? ರೊಟ್ಟಿ ಮ್ಯಾಲ ಖಾರ ಹಚ್ಚಿ ತಿನ್ನೂದು. ಆದರ ನಿನ್ನ ಖಾರಕ್ಕ ಖಾರಾನ ಇಲ್ಲ."

ಮರುದಿನ ಅವ್ವ ಮಡಿಲಲ್ಲಿ ಟೊಮೆಟೊ ತುಂಬಿಕೊಂಡು ಬೇಕರಿಗೆ ಬಂದಳು. ಬ್ರೆಡ್ಡು ತೆಗೆದ ಮೇಲೂ ಭಟ್ಟಿಯಲ್ಲಿ ಕಾವು ಉಳಿದಿರುತ್ತದಲ್ಲ, ಅದರೊಳಗಿಟ್ಟು ಸಿಪ್ಪೆ ಕಪ್ಪಾಗುವವರೆಗೆ ಸುಟ್ಟಳು. ಸಿಪ್ಪೆ ಸುಲಿದು ಹಿಸುಕಿ, ಮನೆಯ ಭರಣಿಯಿಂದ ರಂಜಕ ತಂದು ಕಲಸಿದಳು. ರಂಜಕವೆಂದರೆ ನಮ್ಮ ಕಡೆ ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಮೆಂತ್ಯ ಹಾಕಿ ಕುಟ್ಟಿ, ನಿಂಬೆರಸ ಹಿಂಡಿ ಭರಣಿಯಲ್ಲಿ ಮಾಗಿಸುವ ಖಾರ. ಅದನ್ನು ಬಳಿದು ಬೇಯಿಸಿದ ಪಿಜ್ಜಾವನ್ನು ಅಣ್ಣ ಒಂದು ತುಂಡು ಕಚ್ಚಿ, ಬೆನ್ನು ತಿರುಗಿಸಿ ನಿಂತ. ಕಣ್ಣಲ್ಲಿ ನೀರು. "ಖಾರಕ್ಕೆ ಕಣಜ್ಜಿ" ಎಂದ. ಖಾರಕ್ಕಷ್ಟೇ ಅಲ್ಲವೆಂದು ನಮಗೆಲ್ಲ ಗೊತ್ತಾಯಿತು.

ಜನ ಅದನ್ನು ಅಜ್ಜಿ ಪಿಜ್ಜಾ ಎಂದು ಕರೆದರು. ಕೊರಳಲ್ಲಿ ಕಂಪನಿಯ ಪಟ್ಟಿ ನೇತುಹಾಕಿಕೊಂಡ ಹುಡುಗರು ಬಂದು, "ಅಕ್ಕಾ, ಅಜ್ಜಿ ಪಿಜ್ಜಾ ಇದ್ಯಾ? ಅಜ್ಜಿ ಎಲ್ಲಿ, ಒಂದ್ ಕೈ ಮುಗಿದ್ಬಿಡ್ತೀನಿ" ಎಂದು ತಮಾಷೆ ಮಾಡುತ್ತಿದ್ದರು. ಅವ್ವ ಬಾಗಿಲ ಮರೆಯಲ್ಲಿ ನಿಂತು ನಗುತ್ತಿದ್ದಳು. ಬೆಂಗಳೂರಿಗೆ ಬಂದಾಗಿನಿಂದ ಅವಳನ್ನು ಹೊರಗಿನವರು ಯಾರೂ ಕೇಳಿದ್ದಿಲ್ಲ. ಊರಿನಲ್ಲಿ ಹತ್ತು ಮನೆಯ ಸೀಮಂತಕ್ಕೂ ಮದುವೆಗೂ ಅವಳ ಖಾರವೇ ಆಗಬೇಕಿತ್ತು. ಇಲ್ಲಿ ಅವಳು ಹಿಂದಿನ ಕೋಣೆಯ ಮುದುಕಿ. ಅಣ್ಣ ಒಂದು ದಿನ ಹೇಳಿದ: "ದೊಡ್ಡ ಅಂಗಡಿ ಮಾಡ್ತೀನಜ್ಜಿ. ಬೋರ್ಡ್ ಮೇಲೆ ನಿನ್ ಫೋಟೋ ಹಾಕಿಸ್ತೀನಿ, ಇದೇ ಕುಂಕುಮ, ಇದೇ ಮೂಗುಬಟ್ಟು." ಅವ್ವ "ಹೋಗೋ ಹುಚ್ಚಾ" ಎಂದಳು. ಸಂಜೆ ಕನ್ನಡಿ ಮುಂದೆ ನಿಂತು ಮೂಗುಬಟ್ಟನ್ನು ತಿರುಗಿಸಿ ನೋಡಿಕೊಂಡದ್ದನ್ನು ನಾನು ಕಂಡೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ರಂಜಕ ಕುಟ್ಟುವಾಗ ಒಳಗೆ ಯಾರೂ ಇರಕೂಡದು, ಮನೆಯ ಮಗಳೋ ಸೊಸೆಯೋ ಮಾತ್ರ ಇರಬಹುದು. ಹೊರಗಿನವರ ಕಣ್ಣು ಬಿದ್ದರೆ ಭರಣಿ ಕೆಡುತ್ತದೆಂದು ನಂಬಿಕೆ. ನನ್ನ ಅಪ್ಪ ಕೂಡ ಆ ಹೊತ್ತು ಕಟ್ಟೆಗೆ ಹೋಗಿ ಕೂರುತ್ತಿದ್ದ. ಅವ್ವನ ಕೈ ನೋಯಲು ಶುರುವಾದಾಗ ಅಣ್ಣ ಬಂದು ಬಾಗಿಲಲ್ಲಿ ನಿಂತ. "ನಿನ್ ಕೈಲಿ ಒನಕೆ ಎತ್ತೋಕಾಗ್ತಿಲ್ಲ. ನಾನು ಕುಟ್ತೀನಿ, ನೀನು ಹೇಳ್ತಾ ಹೋಗು."

ನಾನು ಅವ್ವನ ಮುಖ ನೋಡಿದೆ. ಅವಳು ಒನಕೆಯನ್ನು ಗೋಡೆಗೆ ಒರಗಿಸಿ, "ಕಾಲು ತೊಳಕೊಂಡು ಬಾ. ಇವತ್ತಿಂದ ನೀನು ಹೊರಗಿನಾಂವ ಅಲ್ಲ. ನನಗ ಗಂಡ್ಮಗ ಇಲ್ಲ, ನೀ ಇರು" ಎಂದಳು. ಅವನು ಕಾಲು ತೊಳೆದು ಬಂದು ಅವಳ ಪಾದ ಮುಟ್ಟಿ ಕೂತ. ಮೆಂತ್ಯ ಎಷ್ಟು ಹುರಿದರೆ ಕಹಿ ಹೋಗುತ್ತದೆ, ನಿಂಬೆರಸ ಯಾವಾಗ ಬೀಳಬೇಕು, ಭರಣಿಯನ್ನು ಯಾವ ಮೂಲೆಯಲ್ಲಿಡಬೇಕು, ಎಲ್ಲವನ್ನೂ ಅವ್ವ ಹೇಳಿದಳು. ನನಗೆ ಹೇಳಿಕೊಡದ ಸಣ್ಣಪುಟ್ಟದ್ದನ್ನೂ ಹೇಳಿದಳು.

ಆಮೇಲೆ ಬಂಡವಾಳ ಹಾಕುವ ಪಾಲುದಾರನೊಬ್ಬ ಸಿಕ್ಕ. ಕಂಪನಿ ಕೆಲಸ ಬಿಟ್ಟು ಬಂದ ಚುರುಕು ಮನುಷ್ಯ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಮುಂಭಾಗದ ಅಂಗಡಿ ಎದ್ದಿತು. ಒಳಗೆ ಸೌದೆ ಭಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಕಟ್ಟಿದರು. ಉದ್ಘಾಟನೆಗೆ ನಮ್ಮನ್ನು ಯಾರೂ ಕರೆಯಲಿಲ್ಲ. "ಮಗನ ಮನೀಗೆ ಕರೆಯಾಕ ಬರಬೇಕೇನು" ಎಂದು ಅವ್ವ ಇಳಕಲ್ ಸೀರೆ ಉಟ್ಟು, ಹೊಸ ರಂಜಕದ ಭರಣಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ನಾನು ಜೊತೆಗೆ ಹೋದೆ.

ಒಳಗೆ ಹೋದವಳೇ ಅವ್ವ ಗೋಡೆಯ ಮೇಲೆ ಹುಡುಕಿದಳು. ಅಲ್ಲಿ ದೊಡ್ಡದೊಂದು ಫೋಟೋ ಇತ್ತು. ತಲೆಗೆ ವಸ್ತ್ರ ಕಟ್ಟಿದ, ಸುಕ್ಕು ಮುಖದ ಬಿಳಿಯ ಮುದುಕಿ.

"ಏನ್ ಬರದಾರ ಕೆಳಗ?"

ಅಣ್ಣನೇ ಕಲಿಸಿದ ಅಕ್ಷರಗಳನ್ನು ಕೂಡಿಸಿ ಓದಿದೆ. ನೇಪಲ್ಸಿನ ಅಜ್ಜಿಯೊಬ್ಬಳ ಕೈರುಚಿ. ಇಲ್ಲಿನ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಅವಳ ಮಗ ಅದನ್ನು ನಮ್ಮ ಮುಖ್ಯ ಬಾಣಸಿಗರಿಗೆ ಹೇಳಿಕೊಟ್ಟ, ಎಂದು ಬರೆದಿತ್ತು. ಇಟಲಿಯವರನ್ನು ಟೀವಿಯಲ್ಲಿ ಬಿಟ್ಟರೆ ಕಂಡೇ ಇಲ್ಲವೆಂದು ಅಣ್ಣ ಎಷ್ಟು ಸಲ ಹೇಳಿರಲಿಲ್ಲ. "ಇಟಲಿ ಅಜ್ಜೀದಂತವ್ವಾ" ಎಂದೆ. ನನ್ನ ಧ್ವನಿ ನನಗೇ ಬೇರೆಯವರದ್ದೆನಿಸಿತು.

ಅವ್ವ ಆ ಮುಖವನ್ನು ನೋಡಿದಳು. "ಪಾಪ, ಈಕೀದೂ ದುಡದ ಮುಖಾನ ಐತಿ" ಎಂದಳು.

ಅಷ್ಟರಲ್ಲಿ ಕ್ಯಾಮೆರಾ ಹಿಡಿದ ಹೆಂಗಸೊಬ್ಬಳು ಬಂದು, "ವಾವ್, ಈ ಸೀರೆ. ಚೆಫ್, ಇವ್ರು ಯಾರು?" ಎಂದು ಕೇಳಿದಳು. ಅಣ್ಣ ಬಿಳಿ ಕೋಟು, ಬಿಳಿ ಟೊಪ್ಪಿಯಲ್ಲಿ ನಿಂತಿದ್ದ. ಪಾಲುದಾರ ಪಕ್ಕದಲ್ಲೇ ಇದ್ದ. ಅಣ್ಣ ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಆ ಹೆಂಗಸಿನ ಕಡೆ ತಿರುಗಿದ.

"ಕ್ಲೀನಿಂಗಿಗೆ ಬರ್ತಾರೆ ಮೇಡಂ. ಹಳೇ ಜನ."

ನನ್ನ ಬಾಯಿ ತೆರೆದದ್ದು ನಿಜ. ಅವ್ವ ನನ್ನ ಮುಂಗೈ ಹಿಡಿದು ಒತ್ತಿದಳು. ಭರಣಿಯನ್ನು ಮೂಲೆಯಲ್ಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹತ್ತಿರದ ಮೇಜಿನಿಂದ ಎಂಜಲು ತಟ್ಟೆಗಳನ್ನು ಒಂದೊಂದಾಗಿ ಎತ್ತತೊಡಗಿದಳು. ಎಲ್ಲರ ಮುಂದೆ ಮೇಜು ಒರೆಸಿದಳು. ತಟ್ಟೆಗಳನ್ನು ಒಳಗೆ ಒಯ್ದಿಟ್ಟು, ಕೈ ತೊಳೆದುಕೊಂಡು ಬಂದು "ನಡೀ" ಎಂದಳು. ಅಣ್ಣ ಭಟ್ಟಿಯ ಕಡೆ ಮುಖ ಮಾಡಿ ಬೆಂಕಿ ಕೆದಕುತ್ತಿದ್ದ.

ಬಸ್ಸಿನಲ್ಲಿ ನಾನು ಅತ್ತೆ. "ಅಂವ ಅಂದ ಅಂತ ನೀ ಯಾಕ ಎಂಜಲ ತಾಟ ಎತ್ತಿದಿ?"

"ಅಷ್ಟು ಮಂದ್ಯಾಗ ಮಗನ ಮಾತು ಸುಳ್ಳ ಮಾಡ್ಲೇನು?" ಎಂದು ಕಿಟಕಿಯ ಕಡೆ ತಿರುಗಿದಳು.

ಆ ತಿಂಗಳೇ ನಾವು ಚಂದಾಪುರಕ್ಕೆ ಮನೆ ಬದಲಿಸಿದೆವು. ಅವ್ವ ಮತ್ತೆ ರಂಜಕ ಮಾಡಲಿಲ್ಲ. ಮಾರುಕಟ್ಟೆಗೆ ಹಣ್ಣು ಮೆಣಸಿನಕಾಯಿ ಬರುವ ಕಾಲದಲ್ಲಿ ನಾನು ಕೇಳಿದರೆ, "ಕೈ ನೋಯ್ತಾವು" ಎನ್ನುತ್ತಿದ್ದಳು.

ಅವನ ಅಂಗಡಿ ನಡೆಯಿತು, ಚೆನ್ನಾಗಿಯೇ ನಡೆಯಿತು. ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಅವನು ಒಂದೇ ಒಂದು ಸಲ ಚಂದಾಪುರಕ್ಕೆ ಬಂದ, ಕೈಯಲ್ಲಿ ಪಿಜ್ಜಾದ ಡಬ್ಬಿ. ಅವ್ವ ಚಾಪೆ ಹಾಸಿ, ಚಹಾ ಕೊಟ್ಟು, ಅವನ ಹೆಂಡತಿ ಮಕ್ಕಳನ್ನು ವಿಚಾರಿಸಿದಳು. ಅವನು ಹೊರಟಾಗ ನಾನು ಗೇಟಿನ ತನಕ ಹೋಗಿ ತಡೆದು ಕೇಳಿದೆ.

"ಗ್ವಾಡಿ ಮ್ಯಾಲಿನ ಫೋಟೋ ಬಿಡಣ್ಣ. ಕ್ಲೀನಿಂಗಿಗೆ ಬರ್ತಾಳ ಅಂತ ಯಾಕಂದಿ?"

"ಪಾರ್ಟ್ನರ್ ಹೇಳ್ದ, ಇಟಲಿ ಅಂದ್ರೇನೇ ಇಲ್ಲಿ ಜನ ಬರೋದು ಅಂತ..."

"ನಾ ಕೇಳಿದ್ದು ಅದಲ್ಲ."

ಅವನು ಚಪ್ಪಲಿಯಿಂದ ಮಣ್ಣು ಕೆರೆದ. "ಗೊತ್ತಿಲ್ಲ ಕಣಮ್ಮ. ಬಾಯಿಗೆ ಬಂದ್ಬಿಡ್ತು." ಹಾಗೆಂದು ಹೊರಟುಹೋದ. ಒಳಗೆ ಬಂದು ಡಬ್ಬಿ ತೆರೆದೆ. ನಾನೊಂದು ತುಂಡು ತಿಂದೆ. ಮೆಂತ್ಯದ ಹದ, ನಿಂಬೆಯ ಹುಳಿ, ಸುಟ್ಟ ಟೊಮೆಟೊದ ಹೊಗೆ, ಏನೇನೂ ತಪ್ಪಿರಲಿಲ್ಲ. ಕೆಟ್ಟಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅವನಿಂದ ಕಲಿತ ಓದು ಇಂದಿಗೂ ನನ್ನ ಅನ್ನ. ಇಲ್ಲಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ ಸಿಕ್ಕಿದ್ದು ಅದರಿಂದಲೇ. ಪೆಟ್ಟಿಗೆಗಳ ಮೇಲಿನ ಹೆಸರು ಓದುವಾಗೆಲ್ಲ ಅವನ ಧ್ವನಿ ಕೇಳಿಸುತ್ತದೆ. ಕೇಳಿಸದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಸಿಂಗಸಂದ್ರದ ಹಳೆಯ ನೆರೆಯವಳು ಫೋನು ಮಾಡಿದಳು. ಅಣ್ಣ ಭಟ್ಟಿಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದನಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಅವ್ವನಿಗೆ ಹೇಳಿದೆ. ಅವಳು ಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, ಎದ್ದು, ಬಚ್ಚಲಿಗೆ ಹೋದಳು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ನಮ್ಮಲ್ಲಿ ರಕ್ತಸಂಬಂಧದವರು ಸತ್ತ ಸುದ್ದಿ ಬಂದರೆ ಮಾತ್ರ ಹಾಗೆ ಮಾಡುವುದು. ಆ ಹೊತ್ತು ಒಲೆ ಹಚ್ಚುವುದೂ ಇಲ್ಲ.

ನೀರು ಸೋರುವ ಕೂದಲಲ್ಲಿ ಬಾಗಿಲಿಗೆ ಬಂದು ನಿಂತು ಅವ್ವ ಹೇಳಿದಳು: "ನೀನೂ ತಲೀಗೆ ನೀರ ಹಾಕ್ಕೋ. ನಿನಗ ಅಣ್ಣ ಆಗಬೇಕು ಅಂವ."

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅಕ್ಕಿ ತೊಳೆದಿಟ್ಟೆ. ಅವ್ವ ಒದ್ದೆ ಸೀರೆಯಲ್ಲೇ ಗೋಡೆಗೆ ಒರಗಿ ಕೂತು, ನನ್ನನ್ನೇ ನೋಡುತ್ತಿದ್ದಳು. ಆ ದಿನ ಅವಳು ಏನೂ ಮುಟ್ಟಲಿಲ್ಲ. ನಾನು ಬಡಿಸಿಕೊಂಡು ಉಂಡೆ.