ಬಾಗಿಲ ಪಕ್ಕದ ಮೂರು ಕಲ್ಲು

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನಾನು ನಕ್ಕು ಎದ್ದು ಹೋಗುವವನು. ಕುಷ್ಟಗಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಮೋಟಾರು ಸುಟ್ಟಿದ್ದರೆ ಕಾರಣ ಇದ್ದೇ ಇರುತ್ತದೆ, ಬಿಚ್ಚಿದರೆ ಸಿಗುತ್ತದೆ. ಇದೊಂದಕ್ಕೆ ಮಾತ್ರ ಸಿಕ್ಕಿಲ್ಲ. ನೀವು ನಂಬಲೇಬೇಕೆಂದೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಶಾರದಾ ದೊಡ್ಡ ಆಪರೇಷನ್ ಆಗಿ ಬದುಕಿ ಬಂದಳು. ಹಾಸಿಗೆಯಲ್ಲಿದ್ದಾಗ ಮೊಬೈಲಿನಲ್ಲಿ ಯಾವುದೋ ದೇಶದ ಜ್ವಾಲಾಮುಖಿ ಬೆಟ್ಟಗಳನ್ನು ನೋಡಿದ್ದಳು. ಜನ ಗುಡಿಸಲಿಂದ ಗುಡಿಸಲಿಗೆ ದಿನಗಟ್ಟಲೆ ನಡೆಯುತ್ತಿದ್ದರು. ಡಾಕ್ಟರು ನಡೆಯಬಹುದು ಎಂದದ್ದೇ ತಡ, "ನಮ್ಮ ಆನೆಗೊಂದಿ ಗುಡ್ಡ ಏನ ಕಡಿಮಿ ಅದಾವ? ನಾವೂ ಹಂಗ ನಡ್ಯೂಣು" ಎಂದು ಹಟ ಹಿಡಿದಳು. ಗೆಳೆಯ ಬಸವರಾಜ, ಅವನ ಹೆಂಡತಿ ಸೇರಿ ನಾಲ್ವರು ಹೊರಡುವುದೆಂದಾಯಿತು.

ತಂಗಲು ಗುಡ್ಡದ ಸಂದಿನ ಹೊಲಗಳ ಗುಡಿಸಲುಗಳನ್ನು ಗೊತ್ತು ಮಾಡಲು ಮೊದಲು ನಾನು, ಶಾರದಾ ಇಬ್ಬರೇ ಹೋದೆವು. ಅಲ್ಲಿ ಊಟಕ್ಕೆ ಹೇಳಿ ಹೋಗುವವರು ಬಾಗಿಲ ಪಕ್ಕ ತಲೆಗೊಂದು ಕಲ್ಲು ಇಡುವ ಪದ್ಧತಿ. ಎಷ್ಟು ಕಲ್ಲೋ ಅಷ್ಟು ಮಂದಿಗೆ ರೊಟ್ಟಿ.

ಮೊದಲ ಗುಡಿಸಲಲ್ಲಿ ನಾನು ಕಲ್ಲು ಆರಿಸುತ್ತಿದ್ದಾಗ ಮನೆಯಾಕೆ ಹೊರಬಂದಳು. "ಮತ್ಯಾಕ್ರಿ? ಕುಷ್ಟಗಿಯಿಂದ ಮಂದಿ ಬರ್ತಾರ ಅಂತ ನಿನ್ನಿ ನಿಮ್ಮವರು ಇಟ್ಟು ಹೋಗ್ಯಾರಲ್ಲ." ಅಲ್ಲಿ ಮೂರು ಕಲ್ಲಿದ್ದವು. ಬಸವರಾಜನ ಕಿತಾಪತಿ ಎಂದು ನಕ್ಕು ನಾಲ್ಕನೆಯದನ್ನು ಇಟ್ಟೆ. ಫೋನ್ ಮಾಡಿದರೆ ಅವನು ಊರು ಬಿಟ್ಟೇ ಇಲ್ಲ ಎಂದು ಆಣೆ ಮಾಡಿದ. ಬೇರೆ ಯಾರಿಗೂ ನಾವು ಹೇಳಿರಲಿಲ್ಲ.

ಗುಡ್ಡ ದಾಟಿ ಎರಡನೆಯ ಗುಡಿಸಲಿಗೆ ಬಂದೆವು. ಅಲ್ಲೂ ಮೂರೇ ಕಲ್ಲು. ಇನ್ನೊಮ್ಮೆ ಎಣಿಸಿದೆ. "ನಾವು ನಾಕು ಮಂದಿ ಅದೀವಿ" ಎಂದೆ.

"ನಾಕು ಮಂದಿ ಇದ್ವಿ, ಈಗ ಮೂರ ಅಂದ್ರಲ್ಲರಿ ಕಲ್ಲು ಇಟ್ಟವರು" ಎಂದ ಅಲ್ಲಿನ ಮುದುಕ. ಹೇಗಿದ್ದರು ಎಂದು ಕೇಳಿದರೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಕಾಣಲಿಲ್ಲ ಎಂದ.

ಹೆದರಿದೆ, ಸುಳ್ಳೇಕೆ? ಮೂರನೆಯ ಗುಡಿಸಲಿಗೆ ಹೋಗುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅಷ್ಟು ಆಸೆಪಟ್ಟ ನಡಿಗೆ ಅಲ್ಲಿಗೇ ನಿಂತಿತು. ನಾಲ್ವರೂ ಇವತ್ತಿಗೂ ಗಟ್ಟಿಯಾಗಿದ್ದೇವೆ. ಯಾರು ಬಂದಿದ್ದರೋ, ಏಕೆ ಬಂದಿದ್ದರೋ, ನನಗೆ ತಿಳಿದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಶಾರದಾ ಕಿಟಕಿಯ ಕಡೆ ಮುಖ ಮಾಡಿ, "ಕಡಿಮಿ ಇದ್ದ ಕಲ್ಲು ನಂದ ಇರಬೇಕು" ಎಂದಳು.

"ಏ ಹುಚ್ಚಿ, ಅದು ನಂದು" ಎಂದೆ.

ಕುಷ್ಟಗಿ ಬರುವವರೆಗೂ ಅದೇ ಜಗಳ. ಮದುವೆಯಾದಂದಿನಿಂದ ಎಲ್ಲ ಜಗಳದಲ್ಲೂ ಸೋತವನು ನಾನು. ಅದೊಂದನ್ನು ಮಾತ್ರ ಇವತ್ತಿಗೂ ಬಿಟ್ಟುಕೊಟ್ಟಿಲ್ಲ.